ಕ್ಯಾಂಪರ್ ವಾಹನಕ್ಕೆ ವಿಕ್ಟ್ರಾನ್ ಓರಿಯನ್-ಟಿಆರ್ ಸ್ಮಾರ್ಟ್ 12/12-30 ಚಾರ್ಜರ್: ಒಂದು ವರ್ಷದ ಬಳಕೆಯ ನಂತರ

ಹೋದ ವರ್ಷದ ಜುಲೈನಲ್ಲಿ ನಮ್ಮ ಕುಟುಂಬ ಮೈಸೂರಿನಿಂದ ಹಾಸನ, ಸಕಲೇಶಪುರದ ಮಾರ್ಗವಾಗಿ ಬಿಸಿಲೆ ಘಾಟಿನ ಕಡೆಗೆ ಹೋಗಿ, ಪರಿಚಿತರ ಕಾಫಿ ತೋಟದ ಅಂಚಿನಲ್ಲಿ ಕ್ಯಾಂಪರ್ (ಮಲಗಿ ಉಳಿಯಲು ಸಜ್ಜಾದ ವಾಹನ) ನಿಲ್ಲಿಸಿಕೊಂಡು ಮೂರು ದಿನ ಉಳಿಯುವ ಯೋಜನೆ ಮಾಡಿತ್ತು. ಮಳೆ ಬಿಡಲಿಲ್ಲ. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ, ಮೋಡದ ಕೆಳಗೆ, ಛಾವಣಿಯ ಮೇಲಿನ 200 ವ್ಯಾಟ್ ಸೌರಫಲಕ ಇಡೀ ದಿನ ದುಡಿದು ಬ್ಯಾಟರಿಗೆ ಸೇರಿಸಿದ್ದು 8 ಆಂಪಿಯರ್-ಗಂಟೆ (ಒಂದು ಗಂಟೆ ಕಾಲ 8 ಆಂಪಿಯರ್ ಹರಿದಷ್ಟು ವಿದ್ಯುತ್) ಮಾತ್ರ. ಎರಡನೆಯ ರಾತ್ರಿ ಫ್ರಿಜ್ ನಿಂತುಹೋಯಿತು. ಅದರಲ್ಲಿ ನಮ್ಮ ಅತ್ತೆಯವರ ಇನ್ಸುಲಿನ್ ಇತ್ತು. 2ರಿಂದ 8 ಡಿಗ್ರಿಯೊಳಗೆ ಕಾಪಾಡಬೇಕಾದ ಆ ಔಷಧವನ್ನು ಮಳೆಯಲ್ಲಿ ಕೊಡೆ ಹಿಡಿದು ತೋಟದ ಮನೆಗೆ ಒಯ್ದು, ಅವರ ಫ್ರಿಜ್‌ನಲ್ಲಿ ಇಡಬೇಕಾಯಿತು. ಊರಿಗೆ ಮರಳಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ಓಡುವಾಗ ಎಂಜಿನ್‌ನಿಂದಲೇ ಬ್ಯಾಟರಿಯನ್ನು ಸರಿಯಾಗಿ ತುಂಬುವ ಡಿಸಿ-ಡಿಸಿ ಚಾರ್ಜರ್ ಒಂದನ್ನು ಹುಡುಕುವುದು. ಆಗಸ್ಟಿನಲ್ಲಿ ಕೊಂಡು ನಾನೇ ಕೂರಿಸಿದ ಆ ಯಂತ್ರ ಈಗ ಒಂದು ಬೇಸಿಗೆಯನ್ನೂ ಎರಡನೆಯ ಮಳೆಗಾಲವನ್ನೂ ಕಂಡಿರುವುದರಿಂದ, ಅದರ ಬಗ್ಗೆ ಬರೆಯುವಷ್ಟು ಅನುಭವ ಸೇರಿದೆ ಎಂದು ಭಾವಿಸುತ್ತೇನೆ.

ನಮ್ಮದು ಫೋರ್ಸ್ ಟ್ರಾವೆಲರ್. ಕ್ಯಾಂಪರ್ ಆಗಿಯೇ ನೋಂದಣಿಯಾಗಿದ್ದ ವಾಹನವನ್ನು ಎರಡನೆಯ ಮಾಲೀಕನಾಗಿ ಕೊಂಡೆ. ಈ ಅಂಶವನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂಥ ಬದಲಾವಣೆಯನ್ನು ತಡೆಯುತ್ತದೆ, 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡವೋ ಆರು ತಿಂಗಳವರೆಗಿನ ಸೆರೆವಾಸವೋ ಆಗಬಹುದು. ಆದ್ದರಿಂದ ಸೀಟು ಕಿತ್ತು ಮಂಚ ಹಾಕುವ, ಛಾವಣಿ ಎತ್ತರಿಸುವ ಕೆಲಸಗಳಿಗೆ ಕೈ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ. ನಾನು ಬದಲಿಸಿದ್ದು ಮಂಚದ ಕೆಳಗಿನ ವಿದ್ಯುತ್ ವ್ಯವಸ್ಥೆಯನ್ನು ಮಾತ್ರ.

ಮೊದಲು ವಾಹನದಲ್ಲಿದ್ದದ್ದು ಮನೆಯ ಇನ್ವರ್ಟರ್‌ಗೆ ಹಾಕುವಂಥ 150 ಆಂಪಿಯರ್-ಗಂಟೆಯ ಸೀಸದ ಟ್ಯೂಬುಲರ್ ಬ್ಯಾಟರಿ. ಇಬ್ಬರು ಸೇರಿ ಎತ್ತಬೇಕಾದ ಆ ಭಾರವನ್ನು ಇಳಿಸಿ, ಅದರ ಜಾಗದಲ್ಲಿ ಒಂದೇ ಕೈಯಲ್ಲಿ ಎತ್ತಬಹುದಾದ 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಇಟ್ಟಿದ್ದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಸ್ಸು ಬೇಗ ಕುಗ್ಗುತ್ತದೆ. ಲಿಥಿಯಂನಲ್ಲಿ ನೂರಕ್ಕೆ 80-90 ಭಾಗವನ್ನು ನಿಶ್ಚಿಂತೆಯಿಂದ ಬಳಸಬಹುದು. ಹೀಗಾಗಿ ಕಡಿಮೆ ಅಂಕಿಯ ಬ್ಯಾಟರಿಯಿಂದ ಹೆಚ್ಚಿನ ಉಪಯೋಗ ಸಿಗುತ್ತದೆ ಎಂಬ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ನಾನು ಯೋಚಿಸದೆ ಬಿಟ್ಟದ್ದು ಅದನ್ನು ತುಂಬುವ ದಾರಿಯನ್ನು. ಎಂಜಿನ್ ಬ್ಯಾಟರಿಯಿಂದ ಮಂಚದ ಕೆಳಗಿನ ಬ್ಯಾಟರಿಗೆ ಹಳೆಯ ಮಾಲೀಕರು ಹಾಕಿಸಿದ್ದ ಒಂದು ರಿಲೇ ಇತ್ತು. ಕೀ ತಿರುಗಿಸಿದರೆ ಎರಡೂ ಬ್ಯಾಟರಿಗಳು ನೇರವಾಗಿ ಕೂಡಿಕೊಳ್ಳುತ್ತಿದ್ದವು. ಲಿಥಿಯಂ ಬ್ಯಾಟರಿಯ ಒಳಗಿನ ಪ್ರತಿರೋಧ ಬಹಳ ಕಡಿಮೆಯಾದ್ದರಿಂದ ಅದು ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ ವಿದ್ಯುತ್ ಜನಕ) ಕೊಡುವಷ್ಟನ್ನೂ ಎಳೆದುಕೊಳ್ಳಲು ನೋಡುತ್ತದೆ. ಚನ್ನರಾಯಪಟ್ಟಣದ ಬಳಿ ನಿಲ್ಲಿಸಿದಾಗ ಎಂಜಿನ್ ಕಡೆಯಿಂದ ಸುಟ್ಟ ವಾಸನೆ ಬಂತು, ಆ ದಿನವೇ ರಿಲೇಯ ತಂತಿ ಬಿಚ್ಚಿಟ್ಟೆ. ಅರ್ಧ ತುಂಬಿದ ಬ್ಯಾಟರಿಯೊಂದಿಗೆ ಬಿಸಿಲೆಗೆ ಹೋಗಿದ್ದು ಹಾಗೆ.

ಡಿಸಿ-ಡಿಸಿ ಚಾರ್ಜರ್ ಮಾಡುವ ಕೆಲಸ ಎರಡು. ಎಂಜಿನ್ ಕಡೆಯಿಂದ ಎಳೆಯುವ ವಿದ್ಯುತ್ತಿಗೆ ಒಂದು ಮಿತಿ ಹಾಕುತ್ತದೆ. ಬರುವ ವೋಲ್ಟೇಜ್ ಏರಿಳಿದರೂ ಬ್ಯಾಟರಿಗೆ ಬೇಕಾದ ವೋಲ್ಟೇಜನ್ನೇ ಕೊಡುತ್ತದೆ. ಎರಡನೆಯದು ಈಗಿನ ವಾಹನಗಳಲ್ಲಿ ಮುಖ್ಯ, ಏಕೆಂದರೆ ಇಂಧನ ಉಳಿಸುವುದಕ್ಕಾಗಿ ಆಲ್ಟರ್ನೇಟರ್ ವೋಲ್ಟೇಜನ್ನು ಕಂಪ್ಯೂಟರ್ ಇಳಿಸುವ ಏರ್ಪಾಡು ಅನೇಕ ಹೊಸ ಎಂಜಿನ್‌ಗಳಲ್ಲಿದೆ. ನೆದರ್ಲೆಂಡ್ಸ್‌ನ ವಿಕ್ಟ್ರಾನ್ ಕಂಪನಿ 1975ರಿಂದ ದೋಣಿ ಮತ್ತು ವಾಹನಗಳ ವಿದ್ಯುತ್ ಉಪಕರಣಗಳನ್ನು ಮಾಡುತ್ತ ಬಂದಿದೆ. ಅವರ ಓರಿಯನ್-ಟಿಆರ್ ಸ್ಮಾರ್ಟ್ ಸಾಲಿನಲ್ಲಿ 12 ವೋಲ್ಟ್‌ಗೆ 30 ಆಂಪಿಯರ್ ಕೊಡುವ ಮಾದರಿಯನ್ನು ನಾನು ಆಯ್ದುಕೊಂಡೆ. ಇದರಲ್ಲಿ ಐಸೊಲೇಟೆಡ್ (ಎರಡು ಕಡೆಯ ನೆಗೆಟಿವ್ ಬೇರೆ ಬೇರೆಯಾಗಿರುವುದು), ನಾನ್-ಐಸೊಲೇಟೆಡ್ (ಎರಡಕ್ಕೂ ಒಂದೇ ನೆಗೆಟಿವ್ ಇರುವುದು) ಎಂಬ ಎರಡು ಬಗೆಗಳಿವೆ. ಎರಡೂ ಬ್ಯಾಟರಿಗಳ ನೆಗೆಟಿವ್ ಒಂದೇ ಚಾಸಿಗೆ (ವಾಹನದ ಲೋಹದ ಚೌಕಟ್ಟಿಗೆ) ಸೇರುವ ನಮ್ಮಂಥ ವಾಹನಕ್ಕೆ ನಾನ್-ಐಸೊಲೇಟೆಡ್ ಸಾಕು. ಬ್ಯಾಟರಿಗೆ ಕೊಟ್ಟದ್ದರ ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಹಣ ಇದಕ್ಕೆ ಹೋಯಿತು. ಕಂಪನಿ ಐದು ವರ್ಷದ ವಾರಂಟಿ ಕೊಡುತ್ತದೆ.

ನನ್ನ ಅನುಭವದಲ್ಲಿ ಈ ಯಂತ್ರದ ಗುಣವನ್ನು ನಿರ್ಧರಿಸಿದ್ದು ಯಂತ್ರವಲ್ಲ, ಅದಕ್ಕೆ ಬರುವ ತಂತಿ ಮತ್ತು ಅದನ್ನು ಕೂರಿಸುವ ಜಾಗ. ಇಷ್ಟನ್ನು ಮುಂದೆ ಓದುವವರು ಮನಸ್ಸಿನಲ್ಲಿಟ್ಟುಕೊಂಡರೆ ನನ್ನ ಎರಡು ತಿಂಗಳ ಕಷ್ಟ ಅವರಿಗೆ ತಪ್ಪುತ್ತದೆ.

ಮೊದಲು ತಂತಿಯ ವಿಷಯ. ರಿಲೇಗಿದ್ದ ಹಳೆಯ 6 ಚದರ ಮಿಲಿಮೀಟರ್ ತಂತಿಗೇ ಚಾರ್ಜರನ್ನು ಜೋಡಿಸಿದ್ದೆ. ಎಂಜಿನ್ ಚಾಲೂ ಮಾಡಿದರೆ ಚಾರ್ಜಿಂಗ್ ಶುರುವಾಗುವುದು, ತುಸು ಹೊತ್ತಿನಲ್ಲೇ ನಿಲ್ಲುವುದು, ಮತ್ತೆ ಶುರುವಾಗುವುದು, ಹೀಗೆ ನಡೆಯುತ್ತಿತ್ತು. ಎಂಜಿನ್ ಓಡುತ್ತಿದೆಯೇ ಎಂಬುದನ್ನು ಈ ಚಾರ್ಜರ್ ತನಗೆ ಬರುವ ವೋಲ್ಟೇಜಿನಿಂದ ಅಳೆದು ತಿಳಿಯುತ್ತದೆ. ವಿದ್ಯುತ್ ಎಳೆಯತೊಡಗಿದ ಕೂಡಲೇ ಸಣ್ಣ ತಂತಿಯಲ್ಲಿ ವೋಲ್ಟೇಜ್ ಕುಸಿದು, ಎಂಜಿನ್ ನಿಂತಿತೆಂದು ಅದು ಭಾವಿಸುತ್ತಿತ್ತು; ಎಳೆಯುವುದನ್ನು ಬಿಟ್ಟ ಕೂಡಲೇ ವೋಲ್ಟೇಜ್ ಮೇಲೇರಿ ಮತ್ತೆ ಶುರುವಾಗುತ್ತಿತ್ತು. ತುಮಕೂರಿನ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಮೀಟರ್ ಹಿಡಿಯುವುದಕ್ಕೂ ಮುಂಚೆ ತಂತಿಯನ್ನು ಬೆರಳಿನಿಂದ ಒತ್ತಿ ನೋಡಿ, "ಸರ್, ನೀರು ಬರೋ ಪೈಪೇ ಸಣ್ಣದಿದ್ರೆ ಮೋಟ್ರು ಬದಲಾಯಿಸಿ ಏನು ಉಪಯೋಗ?" ಎಂದರು. ಲೆಕ್ಕ ಹಾಕಿದರೆ ಅವರ ಮಾತು ಅಕ್ಷರಶಃ ನಿಜ. 30 ಆಂಪಿಯರ್ ಹೊರಗೆ ಕೊಡಲು ಈ ಚಾರ್ಜರ್ ಒಳಗೆ ಸುಮಾರು 38 ಆಂಪಿಯರ್ ಎಳೆಯಬೇಕಾಗುತ್ತದೆ. ಎಂಜಿನ್‌ನಿಂದ ಮಂಚದವರೆಗೆ 6 ಮೀಟರ್, ಹೋಗಿ ಬರುವ ದಾರಿ ಸೇರಿ 12 ಮೀಟರ್. ಶುದ್ಧ ತಾಮ್ರದ 6 ಚದರ ಮಿಲಿಮೀಟರ್ ತಂತಿಯಲ್ಲಿ ಇಷ್ಟು ವಿದ್ಯುತ್ ಹರಿದರೆ ಸುಮಾರು 1.3 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ; 16 ಚದರ ಮಿಲಿಮೀಟರ್‌ನಲ್ಲಿ ಅದು ಅರ್ಧ ವೋಲ್ಟ್. ಚಾರ್ಜರ್‌ನ ಟರ್ಮಿನಲ್ ಹಿಡಿಸುವ ಗರಿಷ್ಠ ದಪ್ಪವೂ 16 ಚದರ ಮಿಲಿಮೀಟರ್, ಹಾಗಾಗಿ ಅದನ್ನೇ ಎಳೆಯುವುದು ಒಳ್ಳೆಯದು.

ದಪ್ಪ ತಂತಿ ಕೊಳ್ಳುವಾಗಲೂ ಒಮ್ಮೆ ಮೋಸಹೋದೆ. ಅಂಗಡಿಯೊಂದರಲ್ಲಿ ತಾಮ್ರದ್ದೆಂದು ಕೊಟ್ಟ ತಂತಿಯ ತುದಿಯನ್ನು ಮನೆಯಲ್ಲಿ ಚಾಕುವಿನಿಂದ ಕೆರೆದಾಗ ಕೆಂಪು ಲೇಪದ ಕೆಳಗೆ ಬಿಳಿಯ ಅಲ್ಯೂಮಿನಿಯಂ ಕಂಡಿತು. ಅಂಥ ತಂತಿಯ ಪ್ರತಿರೋಧ ತಾಮ್ರಕ್ಕಿಂತ ಬಹಳ ಹೆಚ್ಚು, ಸ್ಕ್ರೂ ಟರ್ಮಿನಲ್‌ನಲ್ಲಿ ಕಾಲಕ್ರಮೇಣ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿಯಾಗುತ್ತದೆ. ಎಳೆ ಎಳೆಯಾಗಿರುವ ತಾಮ್ರದ ತಂತಿಯನ್ನು ಕೊಳ್ಳುವಾಗ ಅಂಗಡಿಯಲ್ಲೇ ತುದಿ ಕೆರೆದು ನೋಡಿ, ತೂಕವನ್ನೂ ಕೈಯಲ್ಲಿ ಹಿಡಿದು ನೋಡಿ. ತಂತಿಯ ತುದಿಗೆ ಕೂರಿಸುವ ಲೋಹದ ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರ್‌ನಿಂದ ಒತ್ತಿಸಿಕೊಳ್ಳಬೇಕು. ಸುತ್ತಿಗೆಯಿಂದ ಬಡಿದ ಲಗ್ ಘಾಟಿ ರಸ್ತೆಯ ಅದುರಿಗೆ ನಿಲ್ಲುವುದಿಲ್ಲ. ಈ ಉದ್ದ ತಂತಿಯ ಎರಡೂ ತುದಿಗಳಲ್ಲಿ ಬ್ಯಾಟರಿಗಳಿರುವುದರಿಂದ ನಡುವೆ ಎಲ್ಲಿ ಚಾಸಿಗೆ ಉಜ್ಜಿ ತಂತಿ ಬರಿದಾದರೂ ಎರಡೂ ಕಡೆಯಿಂದ ವಿದ್ಯುತ್ ನುಗ್ಗುತ್ತದೆ. ಆದ್ದರಿಂದ ಎರಡು ಫ್ಯೂಸ್ ಬೇಕು, ಎರಡೂ ಆಯಾ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ನಾನು 60 ಆಂಪಿಯರ್‌ನ ಫ್ಯೂಸ್‌ಗಳನ್ನು ಹಾಕಿದ್ದೇನೆ. ಫ್ಯೂಸ್ ಇಲ್ಲದೆ ತಂತಿ ಎಳೆದಿರುವ ಹಲವು, ಮನೆಯಲ್ಲೇ ಸಜ್ಜುಗೊಳಿಸಿದ ಕ್ಯಾಂಪರ್‌ಗಳನ್ನು ನೋಡಿದ್ದೇನೆ. ಮಕ್ಕಳು ಮಲಗುವ ಮಂಚದ ಕೆಳಗಿನ ಕೆಲಸವಿದು, ದಯವಿಟ್ಟು ಇದನ್ನು ಬಿಡಬೇಡಿ.

ತಂತಿ ಬದಲಿಸಿದ ದಿನದಿಂದ ಚಾರ್ಜರ್ ಒಮ್ಮೆಯೂ ತಡವರಿಸಿಲ್ಲ. ಕೀಯಿಂದ ಒಂದು ಸಣ್ಣ ತಂತಿಯನ್ನು ಅದರ ರಿಮೋಟ್ ಟರ್ಮಿನಲ್‌ಗೂ ಕೊಟ್ಟಿದ್ದೇನೆ, ವೋಲ್ಟೇಜ್ ನೋಡಿ ಊಹಿಸುವ ಅಗತ್ಯವೇ ಈಗ ಅದಕ್ಕಿಲ್ಲ. ನಮ್ಮ ದಿನದ ಖರ್ಚು, 40 ಲೀಟರ್‌ನ 12 ವೋಲ್ಟ್ ಫ್ರಿಜ್, ಕಡಿಮೆ ವಿದ್ಯುತ್ ಎಳೆಯುವ ಒಂದು ಬಿಎಲ್‌ಡಿಸಿ ಫ್ಯಾನ್, ದೀಪ ಮತ್ತು ಮೊಬೈಲ್ ಸೇರಿ, ತಂಪು ಹವೆಯಲ್ಲಿ 45, ಬೇಸಿಗೆಯಲ್ಲಿ 60 ಆಂಪಿಯರ್-ಗಂಟೆ. ಅಂದರೆ ಎರಡು ಗಂಟೆ ಓಡಿದರೆ ಒಂದು ದಿನದ ಖರ್ಚು ಹುಟ್ಟುತ್ತದೆ. ಸೌರಫಲಕ ಮಾರ್ಚಿನ ಬಯಲುಸೀಮೆಯಲ್ಲಿ ಇಷ್ಟನ್ನು ಕೊಡುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕೊಡುವುದಿಲ್ಲ. ಕರ್ನಾಟಕದಲ್ಲಿ ವರ್ಷವಿಡೀ ತಿರುಗುವವರು ಎರಡನೆಯ ಫಲಕಕ್ಕೆ ಹಣ ಹಾಕುವ ಮುನ್ನ ಈ ಚಾರ್ಜರಿಗೆ ಹಾಕಬೇಕೆಂದು ನಾನು ಒತ್ತಿ ಹೇಳುವುದು ಈ ಲೆಕ್ಕದಿಂದಲೇ.

ಎರಡನೆಯ ಪಾಠ ಬೇಸಿಗೆಯದು. ಏಪ್ರಿಲ್‌ನಲ್ಲಿ ರಾಯಚೂರಿನ ಕಡೆಗೆ ಹೋದಾಗ ನಾಲ್ಕು ಗಂಟೆ ಓಡಿದರೂ ಬ್ಯಾಟರಿ ನಿರೀಕ್ಷಿಸಿದಷ್ಟು ಏರಲಿಲ್ಲ. ಚಾರ್ಜರನ್ನು ನಾನು ಅಂದವಾಗಿ ಕಾಣಲೆಂದು ಪ್ಲೈವುಡ್ ಪೆಟ್ಟಿಗೆಯೊಳಗೆ ಮುಚ್ಚಿಟ್ಟಿದ್ದೆ. ಇದರ ದಕ್ಷತೆ ನೂರಕ್ಕೆ 87, ಪೂರ್ಣ ಹೊರೆಯಲ್ಲಿ 60 ವ್ಯಾಟ್‌ನಷ್ಟು ಶಾಖವಾಗಿಯೇ ಹೊರಬರುತ್ತದೆ. ಒಳಗೆ ಫ್ಯಾನ್ ಇಲ್ಲ, ಲೋಹದ ಹೊರಮೈಯ ಮೂಲಕ ಗಾಳಿಯೇ ತಂಪು ಮಾಡಬೇಕು. 40 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ನೂರಕ್ಕೆ ಮೂರರಂತೆ ವಿದ್ಯುತ್ ಇಳಿಯುತ್ತದೆಂದು ಕಂಪನಿಯ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ, ನಾನು ಓದಿಯೂ ಲಕ್ಷ್ಯ ಕೊಟ್ಟಿರಲಿಲ್ಲ. ಪೆಟ್ಟಿಗೆಯೊಳಗೆ ಉಷ್ಣಮಾಪಕ ಇಟ್ಟಾಗ 50 ಡಿಗ್ರಿ ತೋರಿಸಿತು. ಆ ಶಾಖದಲ್ಲಿ 30 ಆಂಪಿಯರ್ 21ಕ್ಕೆ ಇಳಿಯುವುದು ನಿಯಮದಂತೆಯೇ ಆದದ್ದು. ಈಗ ಪೆಟ್ಟಿಗೆಯ ಎರಡು ಬದಿಗೂ ಜಾಲರಿ ಹಾಕಿ, ಚಾರ್ಜರನ್ನು ನೆಟ್ಟಗೆ ನಿಲ್ಲಿಸಿ, ಮೇಲೂ ಕೆಳಗೂ 10 ಸೆಂಟಿಮೀಟರ್ ಬಿಟ್ಟು, ಶಾಖ ಹೆಚ್ಚಾದಾಗ ತಾನೇ ತಿರುಗುವ ಒಂದು ಸಣ್ಣ 12 ವೋಲ್ಟ್ ಕಂಪ್ಯೂಟರ್ ಫ್ಯಾನ್ ಇಟ್ಟಿದ್ದೇನೆ. ಮೇ ತಿಂಗಳಿನಲ್ಲಿ ಬಾದಾಮಿಗೆ ಹೋದಾಗ ವಿದ್ಯುತ್ 28 ಆಂಪಿಯರ್‌ಗಿಂತ ಕೆಳಗಿಳಿಯಲಿಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿಯ ಓದುಗರು ಗಾಳಿಯ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿಕೊಳ್ಳಲಿ.

ಹೊಂದಾಣಿಕೆಗಳನ್ನು ಮೊಬೈಲಿನ ವಿಕ್ಟ್ರಾನ್‌ಕನೆಕ್ಟ್ ಆಪ್‌ನಲ್ಲಿ ಬ್ಲೂಟೂತ್ ಮೂಲಕ ಮಾಡಬೇಕು. ಲಿಥಿಯಂಗೆ ತುಂಬುವಾಗ 14.2 ಮತ್ತು ತುಂಬಿದ ಮೇಲೆ 13.5 ವೋಲ್ಟ್‌ಗಳ ಸಿದ್ಧ ಹೊಂದಾಣಿಕೆ ಇದೆ. ನನ್ನ ಬ್ಯಾಟರಿಗೆ ಅದೇ ಸರಿಹೊಂದಿತು. ಆಪ್‌ನಲ್ಲಿ ಒಳಬರುವ ಮತ್ತು ಹೊರಹೋಗುವ ವೋಲ್ಟೇಜ್ ಕಾಣುತ್ತವೆ, ಆಂಪಿಯರ್ ಕಾಣುವುದಿಲ್ಲ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಬಹುಪಾಲು 13.2ರ ಆಸುಪಾಸಿನಲ್ಲೇ ನಿಂತಿರುವುದರಿಂದ ಎಷ್ಟು ತುಂಬಿದೆಯೆಂದು ವೋಲ್ಟೇಜಿನಿಂದ ಹೇಳಲಾಗದು. ಹೀಗಾಗಿ ನೆಗೆಟಿವ್ ತಂತಿಯಲ್ಲಿ ಒಳಹೋಗುವ, ಹೊರಬರುವ ಆಂಪಿಯರ್ ಎಣಿಸುವ ಒಂದು ಶಂಟ್ ಮೀಟರ್ ಹಾಕುವುದು ಅನಿವಾರ್ಯವೆಂದೇ ತಿಳಿಯಿರಿ. ಈ ಬರಹದ ಅಂಕಿಗಳೆಲ್ಲ ಅದರಿಂದಲೇ ಬಂದವು. ಮೊದಲ ದಿನವೇ ಆಪ್‌ನ ಪಿನ್ ಬದಲಿಸಿ, ಹಲವು ಯಂತ್ರಗಳಲ್ಲಿ ಕಾರ್ಖಾನೆಯಿಂದ ಬರುವುದು ಆರು ಸೊನ್ನೆ.

ಈ ಮಾದರಿಯಲ್ಲಿ ವಿದ್ಯುತ್ತಿನ ಮಿತಿಯನ್ನು ನಾವು ಇಳಿಸಿಕೊಳ್ಳುವಂತಿಲ್ಲ. ಆಲ್ಟರ್ನೇಟರ್ ಚಿಕ್ಕದಿರುವ ಮಾರುತಿ ಈಕೋದಂಥ ವಾಹನಕ್ಕೆ ಇದೇ ಸಾಲಿನ 18 ಆಂಪಿಯರ್‌ನದು ಹೊಂದುತ್ತದೆ. ಈಗ ಹೊಸದಾಗಿ ಕೊಳ್ಳುವವರು ಅದೇ ಕಂಪನಿಯ ಓರಿಯನ್ ಎಕ್ಸ್‌ಎಸ್ 12/12-50 ಅನ್ನೂ ನೋಡಬೇಕು. ಅದರ ದಕ್ಷತೆ ನೂರಕ್ಕೆ 98.5ರವರೆಗೆ ಇದೆ, ಮಿತಿಯನ್ನು ಆಪ್‌ನಲ್ಲೇ ಹೊಂದಿಸಬಹುದು, ಶಾಖದ ತೊಂದರೆ ಅಷ್ಟರಮಟ್ಟಿಗೆ ಕಡಿಮೆ. ನಾನು ಅದನ್ನು ಬಳಸಿಲ್ಲವಾದ್ದರಿಂದ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ. ಯಾವುದನ್ನೇ ಕೊಂಡರೂ ನಿಂತಲ್ಲೇ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸುವ ಅಭ್ಯಾಸ ಬೇಡ. ನಿಂತ ಎಂಜಿನ್‌ನಲ್ಲಿ ಆಲ್ಟರ್ನೇಟರ್ ನಿಧಾನವಾಗಿ ತಿರುಗುತ್ತ, ಗಾಳಿಯಿಲ್ಲದೆ ಬಿಸಿಯಾಗುತ್ತದೆ.

ಈ ಜುಲೈನಲ್ಲಿ ಅದೇ ತೋಟಕ್ಕೆ ಮತ್ತೆ ಹೋದೆವು. ಮೈಸೂರಿನಿಂದ ತಲುಪುವಷ್ಟರಲ್ಲಿ ಬ್ಯಾಟರಿ ಪೂರ್ತಿ ತುಂಬಿತ್ತು. ಎರಡನೆಯ ದಿನ ಸಾಮಾನು ತರಲು ಸಕಲೇಶಪುರದ ಕಡೆಗೆ ಹೋಗಿ ಬಂದ ಒಂದೂವರೆ ಗಂಟೆಯ ಓಟದಲ್ಲಿ 45 ಆಂಪಿಯರ್-ಗಂಟೆ ಸೇರಿತು. ಮೂರನೆಯ ಬೆಳಿಗ್ಗೆ ಮಳೆ ಹಾಗೆಯೇ ಸುರಿಯುತ್ತಿತ್ತು, ಶಂಟ್ ಮೀಟರ್ ನೂರಕ್ಕೆ 71 ಎಂದು ತೋರಿಸುತ್ತಿತ್ತು, ಅತ್ತೆಯವರು ಫ್ರಿಜ್‌ನಿಂದ ಇನ್ಸುಲಿನ್ ತೆಗೆದುಕೊಂಡು ತಮ್ಮ ಪಾಡಿಗೆ ತಿಂಡಿಗೆ ಕುಳಿತರು.