ಕಂಬಿ ಕತ್ತರಿಸುವ ಯಂತ್ರ: ಐದು ವರ್ಷಗಳ ಬಳಕೆಯಲ್ಲಿ ಕಂಡ ದೋಷಗಳು, ಮಾಡಿಕೊಂಡ ದುರಸ್ತಿಗಳು

ತುಮಕೂರು ಮತ್ತು ಶಿರಾ ಸುತ್ತಮುತ್ತ ಮನೆ, ಶಾಲಾ ಕೊಠಡಿ, ಸಣ್ಣ ಸೇತುವೆಗಳ ಕಂಬಿ ಕೆಲಸವನ್ನು ಗುತ್ತಿಗೆ ಹಿಡಿದು ಮಾಡಿಸುವವನು ನಾನು. 2020ರ ಕೊನೆಯಲ್ಲಿ 40 ಮಿ.ಮೀ. ಸಾಮರ್ಥ್ಯದ, 3 ಅಶ್ವಶಕ್ತಿಯ ಮೂರು ಫೇಸ್ ಮೋಟರಿರುವ ಕಂಬಿ ಕತ್ತರಿಸುವ ಯಂತ್ರವೊಂದನ್ನು ಕೊಂಡೆ. ಅದು ಇಂದಿಗೂ ನನ್ನ ಬಳಿ ಕೆಲಸ ಮಾಡುತ್ತಿದೆ. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಈ ಬಗೆಯ ಯಂತ್ರಗಳ ಒಳರಚನೆ ಯಾರು ಮಾಡಿದರೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ ಮತ್ತು ನಾನು ಅನುಭವಿಸಿದ ದೋಷಗಳು ಇಂಥ ಯಾವ ಯಂತ್ರದಲ್ಲಾದರೂ ಬರಬಹುದಾದವು. ಈ ಐದು ವರ್ಷಗಳಲ್ಲಿ ಆರು ಸಲ ಮೆಕ್ಯಾನಿಕನನ್ನು ಕರೆಸಿದ್ದೇನೆ. ಅದರಲ್ಲಿ ನಾಲ್ಕು ಸಲ ಅವನ ಅಗತ್ಯವೇ ಇರಲಿಲ್ಲ. ಕತ್ತರಿಸಿದ ಕಂಬಿಯ ತುದಿಯನ್ನು ಕೈಯಲ್ಲಿ ಹಿಡಿದು ಸರಿಯಾಗಿ ನೋಡಿದ್ದರೆ ಕಾರಣ ನಮಗೇ ತಿಳಿಯುತ್ತಿತ್ತು.

ಯಂತ್ರದ ಕೆಲಸ ಸರಳವಾದದ್ದು. ಮೋಟರಿನ ತಿರುಗುವಿಕೆ ಬೆಲ್ಟಿನ ಮೂಲಕ ಭಾರವಾದ ಫ್ಲೈವೀಲಿಗೆ ಹೋಗುತ್ತದೆ, ಅಲ್ಲಿಂದ ಗೇರುಗಳಲ್ಲಿ ವೇಗ ಇಳಿದು ಕ್ರ್ಯಾಂಕ್ ಶಾಫ್ಟಿಗೆ ಬರುತ್ತದೆ, ಕ್ರ್ಯಾಂಕ್ ಶಾಫ್ಟು ಕನೆಕ್ಟಿಂಗ್ ರಾಡಿನ ಮೂಲಕ ಸ್ಲೈಡನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತದೆ. ಸ್ಲೈಡಿಗೆ ಚಲಿಸುವ ಬ್ಲೇಡನ್ನೂ ಯಂತ್ರದ ಮೈಗೆ ಸ್ಥಿರ ಬ್ಲೇಡನ್ನೂ ಬಿಗಿದಿರುತ್ತಾರೆ. ನನ್ನ ಯಂತ್ರದಲ್ಲಿ ಸ್ಲೈಡು ನಿಮಿಷಕ್ಕೆ ಸುಮಾರು 32 ಸಲ ಬಂದುಹೋಗುತ್ತದೆ. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡರೆ ದೋಷ ಹುಡುಕುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹಣೆಪಟ್ಟಿಯ ಮೇಲಿನ 40 ಮಿ.ಮೀ. ಎಂಬ ಅಂಕಿಯ ಬಗ್ಗೆ ಹೇಳಬೇಕು. ನಾನು ಕೊಂಡಾಗ ಅದನ್ನು ಯಾವುದೇ ಕಂಬಿಗೆ ಅನ್ವಯಿಸುವ ಮಾತೆಂದು ನಂಬಿದ್ದೆ. ಅದು ಸಾಧಾರಣ ಮೃದು ಉಕ್ಕಿನ ನುಣುಪು ಸರಳಿಗೆ ಹೇಳಿದ ಅಳತೆ. ನಾವು ಇಂದು ಬಳಸುವುದು ಭಾರತೀಯ ಮಾನಕವಾದ ಐಎಸ್ 1786ರ ಪ್ರಕಾರ ತಯಾರಾದ ಎಫ್‌ಇ 500 ಅಥವಾ 500ಡಿ ದರ್ಜೆಯ ಟಿಎಂಟಿ ಕಂಬಿ. ಅದರ ಹೊರಪದರ ನೀರಿನಲ್ಲಿ ತಣಿದು ಗಡುಸಾಗಿರುತ್ತದೆ, ಒಳಗಿನ ತಿರುಳು ಮಾತ್ರ ಮೆದು. 40 ಮಿ.ಮೀ. ನುಣುಪು ಸರಳನ್ನು ಕತ್ತರಿಸಲು ಬೇಕಾಗುವ ಬಲ, ಲೆಕ್ಕ ಹಾಕಿ ನೋಡಿದರೆ, 32 ಮಿ.ಮೀ. ಟಿಎಂಟಿ ಕಂಬಿಗೆ ಬೇಕಾಗುವ ಬಲಕ್ಕೆ ಹತ್ತಿರ ಹತ್ತಿರ ಸಮ. ಅಂದರೆ ಸುಮಾರು 30 ಟನ್ನಿಗೂ ಮಿಕ್ಕಿದ ಒತ್ತಡ. ಹಾಗಾಗಿ ನಮ್ಮ ಪಾಲಿಗೆ ಇದು 32 ಮಿ.ಮೀ. ಯಂತ್ರ. ಒಟ್ಟಿಗೆ ಹಲವು ಕಂಬಿ ಹಾಕುವಾಗಲೂ ಅಡ್ಡಕೊಯ್ತದ ವಿಸ್ತೀರ್ಣ ಕೂಡಿಸಿ ನೋಡಬೇಕು. 32ರ ಒಂದು ಕಂಬಿಗೆ ಸುಮಾರು 804 ಚದರ ಮಿ.ಮೀ., 16ರ ಮೂರು ಕಂಬಿಗೆ 603, 20ರ ಮೂರಕ್ಕೆ 942. ನನ್ನ ಹುಡುಗರು ಕೆಲಸ ಬೇಗ ಮುಗಿಯಲೆಂದು 20ರ ಮೂರನ್ನು ಒಟ್ಟಿಗೆ ಹಾಕಿದ ದಿನವೇ ಮೊದಲ ಬ್ಲೇಡಿನ ಮೂಲೆ ಹಾರಿಹೋಯಿತು.

ಬ್ಲೇಡಿನ ವಿಷಯವನ್ನೇ ಹೆಚ್ಚು ಬರೆಯುತ್ತೇನೆ, ಏಕೆಂದರೆ ನನ್ನ ತೊಂದರೆಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ಹುಟ್ಟಿದವು. ಕೊಂಡ ಮೂರನೆಯ ತಿಂಗಳಲ್ಲಿ 12ರ ಕಂಬಿಯ ತುದಿಗಳು ಗಿಣಿಯ ಕೊಕ್ಕಿನ ಹಾಗೆ ಒಂದು ಬದಿಗೆ ಬಾಗಿ ಬರತೊಡಗಿದವು. ಕೊಯ್ದ ಮುಖದ ಅಂಚಿನಲ್ಲಿ ಚೂಪಾದ ಎಳೆಯೊಂದು ಉಳಿದು, ಕಂಬಿ ಎತ್ತುವವರ ಕೈಗವಸನ್ನೇ ಹರಿಯುತ್ತಿತ್ತು. 8ರ ಕಂಬಿಯಂತೂ ಕತ್ತರಿಸುವ ಬದಲು ಎರಡು ಬ್ಲೇಡುಗಳ ನಡುವೆ ಸಿಕ್ಕಿಕೊಂಡು ಚಪ್ಪಟೆಯಾಗುತ್ತಿತ್ತು. ಬ್ಲೇಡು ಮೊಂಡಾಗಿದೆ ಎಂದುಕೊಂಡು ಹೊಸ ಜೋಡಿ ತರಿಸಿ ಹಾಕಿದೆ, ಆದರೂ ಸರಿಹೋಗಲಿಲ್ಲ. ನಿಜವಾದ ದೋಷ ಎರಡು ಬ್ಲೇಡುಗಳ ನಡುವಿನ ಅಂತರದಲ್ಲಿತ್ತು. ಈ ಅಂತರ ಅರ್ಧ ಮಿ.ಮೀ.ನಿಂದ ಒಂದು ಮಿ.ಮೀ. ಒಳಗೆ ಇರಬೇಕು. ನನ್ನದರಲ್ಲಿ ಅದು ಎರಡು ಮಿ.ಮೀ. ದಾಟಿತ್ತು.

ಅಂತರವನ್ನು ಅಳೆಯಲು ಫೀಲರ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದವರಿಗೆ ಒಂದು ಉಪಾಯವಿದೆ. ಕೈಗರಗಸಕ್ಕೆ ಹಾಕುವ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.6 ಮಿ.ಮೀ. ಮೊದಲು ಮೇನ್ ಸ್ವಿಚ್ ಆರಿಸಿ, ಫ್ಯೂಸನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು, ಫ್ಲೈವೀಲನ್ನು ಕೈಯಿಂದ ತಿರುಗಿಸುತ್ತಾ ಚಲಿಸುವ ಬ್ಲೇಡು ಸ್ಥಿರ ಬ್ಲೇಡಿನ ಪಕ್ಕಕ್ಕೆ ಬಂದು ನಿಲ್ಲುವಂತೆ ಮಾಡಬೇಕು. ಆಮೇಲೆ ಹ್ಯಾಕ್ಸಾ ಬ್ಲೇಡನ್ನು ಹಲ್ಲಿಲ್ಲದ ಬೆನ್ನಿನ ಕಡೆಯಿಂದ ಆ ಸಂದಿಗೆ ತೂರಿಸಬೇಕು. ಹಲ್ಲುಗಳು ಅಕ್ಕಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಆ ಕಡೆಯಿಂದ ಅಳತೆ ತಪ್ಪುತ್ತದೆ. ಒಂದು ಹ್ಯಾಕ್ಸಾ ಬ್ಲೇಡು ಹೋಗಬೇಕು, ಎರಡನ್ನು ಜೋಡಿಸಿದರೆ ಹೋಗಬಾರದು. ಅಂತರ ಹೆಚ್ಚಿದ್ದರೆ ಸ್ಥಿರ ಬ್ಲೇಡಿನ ಹಿಂದೆ ತೆಳುವಾದ ಉಕ್ಕಿನ ತಗಡನ್ನು ಕೊಟ್ಟು ಬೋಲ್ಟನ್ನು ಪೂರ್ತಿ ಬಿಗಿದು, ಫ್ಲೈವೀಲನ್ನು ಕೈಯಿಂದಲೇ ಒಂದು ಪೂರ್ಣ ಸುತ್ತು ತಿರುಗಿಸಿ ಎಲ್ಲಿಯೂ ಬ್ಲೇಡಿಗೆ ಬ್ಲೇಡು ತಾಗುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಕರೆಂಟ್ ಕೊಡಬೇಕು. ನಾನು ಈಗ ಪ್ರತಿ ಸೋಮವಾರ ಬೆಳಿಗ್ಗೆ ಇದನ್ನು ಮಾಡಿಸುತ್ತೇನೆ. ಹತ್ತು ನಿಮಿಷದ ಕೆಲಸ.

ಅಂತರ ಸರಿಯಿದ್ದೂ ತುದಿ ಬಾಗುತ್ತಿದ್ದರೆ ಸ್ಲೈಡನ್ನು ನೋಡಬೇಕು. ಯಂತ್ರ ಖಾಲಿ ಓಡುವಾಗ ಅಂತರ ಸರಿಯಾಗಿಯೇ ಕಾಣಿಸುತ್ತದೆ, ಕಂಬಿ ಸಿಕ್ಕಿದ ಕ್ಷಣ ಸ್ಲೈಡು ಪಕ್ಕಕ್ಕೆ ಸರಿದು ಸಂದಿ ಅಗಲವಾಗುತ್ತದೆ. ಯಂತ್ರ ನಿಲ್ಲಿಸಿ, ಹಾರೆಯ ತುದಿಯಿಂದ ಸ್ಲೈಡನ್ನು ಅಡ್ಡಕ್ಕೆ ಮೀಟಿದಾಗ ಅದು ಅಲುಗಿದರೆ ಪಕ್ಕದ ಸವೆತದ ಪಟ್ಟಿ ತೆಳುವಾಗಿದೆ ಎಂದರ್ಥ. ನನ್ನ ಯಂತ್ರದಲ್ಲಿ ನಾಲ್ಕನೆಯ ವರ್ಷ ಹೀಗಾಯಿತು. ಪಟ್ಟಿಯನ್ನು ಒತ್ತಿ ಹಿಡಿಯುವ ಬೋಲ್ಟುಗಳನ್ನು ಅಷ್ಟಷ್ಟೇ ಬಿಗಿದು ಸರಿಮಾಡಿಕೊಂಡೆವು. ಅತಿಯಾಗಿ ಬಿಗಿದರೆ ಸ್ಲೈಡು ಕಾಯುತ್ತದೆ. ಅರ್ಧ ಗಂಟೆ ಓಡಿಸಿ ಅಂಗೈ ಇಟ್ಟು ನೋಡಿದಾಗ ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಸುಡಬಾರದು. ಮುಟ್ಟುವ ಮೊದಲು ಯಂತ್ರ ಪೂರ್ತಿ ನಿಂತಿರಬೇಕು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವಾದರೂ ಹೇಳುತ್ತೇನೆ.

ಸಾಣೆಯ ವಿಷಯದಲ್ಲಿ ನಾನು ಮಾಡಿದ ತಪ್ಪು ನನಗೆ ಒಂದು ಜೋಡಿ ಬ್ಲೇಡಿನ ನಷ್ಟ ತಂದಿತು. ಮೊಂಡಾದ ಬ್ಲೇಡನ್ನು ಸೈಟಿನಲ್ಲಿಯೇ ಆ್ಯಂಗಲ್ ಗ್ರೈಂಡರಿನಿಂದ ಉಜ್ಜಿಸಿದೆ. ಅಂಚು ಥಳಥಳ ಹೊಳೆಯಿತು, ಜೊತೆಗೆ ಅಂಚಿನುದ್ದಕ್ಕೂ ನವಿಲುಗರಿಯ ಹಾಗೆ ನೀಲಿ ಬಣ್ಣದ ಗೆರೆ ಮೂಡಿತು. ಆ ನೀಲಿ ಬಣ್ಣ ಉಕ್ಕು ಅತಿಯಾಗಿ ಕಾದು ಹದ ಕಳೆದುಕೊಂಡದ್ದರ ಗುರುತು ಎಂದು ಆಗ ನನಗೆ ತಿಳಿದಿರಲಿಲ್ಲ. ಮರುದಿನ ಮಧ್ಯಾಹ್ನದೊಳಗೆ ಅಂಚು ಸೀಸದಂತೆ ಮಡಚಿಕೊಂಡಿತು. ಅಂದಿನಿಂದ ಬ್ಲೇಡನ್ನು ಲೇತ್ ಅಂಗಡಿಗೆ ಕೊಂಡೊಯ್ದು, ನೀರು ಬಿಡುವ ಸರ್ಫೇಸ್ ಗ್ರೈಂಡಿಂಗ್ ಯಂತ್ರದಲ್ಲಿ ಸಾಣೆ ಹಿಡಿಸುತ್ತೇನೆ. ಸಾಣೆ ಹಿಡಿದಷ್ಟು ಬ್ಲೇಡು ತೆಳುವಾಗುವುದರಿಂದ ಹಿಂದೆ ಕೊಡುವ ತಗಡಿನ ದಪ್ಪವನ್ನು ಆಗ ಮತ್ತೆ ಹೊಂದಿಸಲೇಬೇಕು. ಚೌಕಾಕಾರದ ಬ್ಲೇಡುಗಳಲ್ಲಿ ಒಂದಕ್ಕಿಂತ ಹೆಚ್ಚು ಅಂಚುಗಳು ಬಳಕೆಗೆ ಬರುತ್ತವೆ. ಒಂದು ಅಂಚು ಮೊಂಡಾದರೆ ತಿರುಗಿಸಿ ಹಾಕಿದರಾಯಿತು. ನನ್ನ ಹುಡುಗರು ಒಂದು ವರ್ಷದವರೆಗೆ ಇದನ್ನು ಗಮನಿಸದೆ ಒಂದೇ ಅಂಚು ಸವೆದ ಬ್ಲೇಡುಗಳನ್ನು ಗುಜರಿಗೆ ಹಾಕುತ್ತಿದ್ದರು.

ಬ್ಲೇಡಿನ ಬೋಲ್ಟುಗಳನ್ನು ಸಣ್ಣ ವಿಷಯವೆಂದು ಕಡೆಗಣಿಸಬಾರದು. ಯಂತ್ರದ ಜೊತೆ ಬಂದವುಗಳ ತಲೆಯ ಮೇಲೆ 12.9 ಎಂದು ಒತ್ತಿದ್ದರು. ಒಂದು ಮುರಿದಾಗ ಪೇಟೆಯ ಅಂಗಡಿಯಿಂದ 8.8 ಗುರುತಿನದನ್ನು ತಂದು ಹಾಕಿದೆವು. ಅಳತೆ ಒಂದೇ, ಬಲ ಒಂದೇ ಅಲ್ಲ. ಅದು ಹತ್ತು ದಿನದಲ್ಲಿ ಎಳೆದುಕೊಂಡು ಸಡಿಲವಾಗಿ, ಬ್ಲೇಡು ಜರುಗಿ, ಎರಡೂ ಬ್ಲೇಡುಗಳು ಡಿಕ್ಕಿ ಹೊಡೆದವು.

ಇನ್ನು ಕರೆಂಟಿನ ತೊಂದರೆ. 2022ರ ಬೇಸಿಗೆಯಲ್ಲಿ ಹಳ್ಳಿಯೊಂದರ ಶಾಲಾ ಕಟ್ಟಡದ ಕೆಲಸದಲ್ಲಿದ್ದಾಗ ಮೋಟರು ಸುಟ್ಟುಹೋಯಿತು. ಆ ದಿನ ಮೂರು ಫೇಸುಗಳಲ್ಲಿ ಒಂದು ಹೋಗಿತ್ತು. ಮೋಟರು ತಿರುಗದೆ ಗುಂಯ್ ಎನ್ನುತ್ತಿದ್ದರೂ ಯಂತ್ರದ ಬಳಿ ಇದ್ದ ಹುಡುಗ ಹಸಿರು ಗುಂಡಿಯನ್ನು ಮೂರು ನಾಲ್ಕು ಸಲ ಒತ್ತಿ ಹಿಡಿದಿದ್ದ. ವೈಂಡಿಂಗ್ ಅಂಗಡಿಯವರು ಮೋಟರನ್ನು ಬಿಚ್ಚಿ ತೋರಿಸಿದಾಗ ಎರಡು ಫೇಸಿನ ಸುರುಳಿಗಳು ಇದ್ದಲಿನಂತೆ ಕಪ್ಪಾಗಿದ್ದವು, ಮೂರನೆಯದು ಹೊಸದರ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಸ್ಟಾರ್ ಜೋಡಣೆಯ ಮೋಟರು ಒಂದು ಫೇಸ್ ಇಲ್ಲದೆ ಸುಟ್ಟರೆ ಹೀಗೆಯೇ ಕಾಣುತ್ತದೆ ಎಂದು ಅವರು ವಿವರಿಸಿದರು. ಹುಡುಗನನ್ನು ಬೈದು ಪ್ರಯೋಜನವಿರಲಿಲ್ಲ. ಸ್ಟಾರ್ಟರಿನ ಓವರ್‌ಲೋಡ್ ರಿಲೇ, ಅಂದರೆ ಕರೆಂಟ್ ಮಿತಿ ಮೀರಿದರೆ ಕಡಿತಗೊಳಿಸುವ ಸಾಧನ, ಅವನನ್ನೂ ಮೋಟರನ್ನೂ ಕಾಪಾಡಬೇಕಿತ್ತು. ಆದರೆ ಸುಮಾರು 5 ಆಂಪಿಯರಿನ ಮೋಟರಿಗೆ ಅದನ್ನು 9ಕ್ಕೆ ತಿರುಗಿಸಿಟ್ಟಿದ್ದರು. ಅದು ಬಂದದ್ದೇ ಹಾಗೆ, ನಾನು ತೆರೆದು ನೋಡಿರಲಿಲ್ಲ. ಆಮೇಲೆ ರಿಲೇಯನ್ನು ಹಣೆಪಟ್ಟಿಯ ಆಂಪಿಯರಿಗೆ ಹೊಂದಿಸಿ, ಒಂದು ಫೇಸ್ ಹೋದರೆ ತಾನಾಗಿ ಕಡಿತಗೊಳಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರನ್ನೂ ಹಾಕಿಸಿದೆ. ಮೋಟರು ಮತ್ತೆ ಸುಟ್ಟಿಲ್ಲ.

ಕಂಬಿಯ ಅರ್ಧದಲ್ಲಿ ಯಂತ್ರ ನಿಂತುಬಿಡುವುದು ಹಲವರು ಹೇಳುವ ದೂರು. ಆಗ ಕಿವಿಗೊಟ್ಟು ಕೇಳಬೇಕು. ಮೋಟರು ಓಡುತ್ತಲೇ ಇದ್ದು ಬೆಲ್ಟು ಕಿರುಚುತ್ತಿದ್ದರೆ, ಕಾವಲು ತಗಡಿನ ಒಳಗೆ ಕರಿಯ ಪುಡಿ ಬಿದ್ದಿದ್ದರೆ, ಬೆಲ್ಟು ಸಡಿಲವಾಗಿದೆ ಅಥವಾ ಅದಕ್ಕೆ ಎಣ್ಣೆ ತಾಗಿದೆ. ಬದಲಾಯಿಸುವಾಗ ಎರಡೂ ಬೆಲ್ಟುಗಳನ್ನು ಒಟ್ಟಿಗೆ ಬದಲಾಯಿಸಬೇಕು, ಇಲ್ಲವಾದರೆ ಹೊಸದರ ಮೇಲೆಯೇ ಎಲ್ಲ ಭಾರ ಬೀಳುತ್ತದೆ. ಮೋಟರೇ ಕುಗ್ಗಿ ಗುಂಯ್ ಎಂದರೆ ವೋಲ್ಟೇಜ್ ಸಾಲದು. ವೋಲ್ಟೇಜ್ 415ರಿಂದ 350ಕ್ಕೆ ಇಳಿದರೆ ಮೋಟರಿನ ತಿರುಗುಬಲ ಶೇ. 70ರ ಆಸುಪಾಸಿಗೆ ಬೀಳುತ್ತದೆ. ನಮ್ಮಲ್ಲಿ ಬೋರ್ಡಿನಿಂದ 60 ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ವೈರು ಎಳೆದಿದ್ದರು, ಅದನ್ನು 4 ಚದರ ಮಿ.ಮೀ. ತಾಮ್ರದ ಕೇಬಲಿಗೆ ಬದಲಾಯಿಸಿದ ಮೇಲೆ ಬೆಳಗಿನ ಹೊತ್ತು ಯಂತ್ರ ತಡವರಿಸುವುದು ನಿಂತಿತು. ಸಿಕ್ಕಿಕೊಂಡ ಕಂಬಿಯನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಲು ಹೋಗಬಾರದು. ಕರೆಂಟ್ ತೆಗೆದು ಫ್ಲೈವೀಲನ್ನು ಹಿಂದಕ್ಕೆ ತಿರುಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ.

ನಿಮಿಷಕ್ಕೆ 32 ಸಲ ಎಂಬ ಲೆಕ್ಕ ಈಗ ಉಪಯೋಗಕ್ಕೆ ಬರುತ್ತದೆ. ಯಂತ್ರದಿಂದ ಹೊಸ ಸದ್ದು ಬಂದರೆ ಅದರ ನಡುವಿನ ಬಿಡುವನ್ನು ಎಣಿಸಿ. ಎರಡು ಸೆಕೆಂಡಿಗೊಮ್ಮೆ ಟಕ್ ಎಂದರೆ ದೋಷ ಕ್ರ್ಯಾಂಕ್, ಕನೆಕ್ಟಿಂಗ್ ರಾಡಿನ ಬುಶ್ (ಶಾಫ್ಟು ತಿರುಗುವ ಕಂಚಿನ ಬಳೆ) ಅಥವಾ ಸ್ಲೈಡಿನ ಕಡೆ ಇದೆ. ಬಿಡುವಿಲ್ಲದೆ ವೇಗವಾಗಿ ಬಡಿಯುವ ಸದ್ದಾದರೆ ಮೋಟರು, ಪುಲ್ಲಿ ಅಥವಾ ಮೊದಲ ಗೇರಿನ ಕಡೆ. ನನ್ನಲ್ಲಿ ಮೊದಲನೆಯ ಬಗೆಯ ಸದ್ದು ಬಂದಾಗ ಕಂಚಿನ ಬುಶ್ ಸವೆದಿತ್ತು. ಇದಕ್ಕೆ ಮೆಕ್ಯಾನಿಕನ ಕೆಲಸ ನಿಜವಾಗಿ ಬೇಕಾಯಿತು. ಬುಶ್ ಅಷ್ಟು ಬೇಗ ಸವೆಯಲು ಕಾರಣ ಎಣ್ಣೆ. ಮಳೆಗಾಲದಲ್ಲಿ ಯಂತ್ರವನ್ನು ಬಯಲಿನಲ್ಲಿ ಬಿಟ್ಟಿದ್ದರಿಂದ ಗೇರ್ ಪೆಟ್ಟಿಗೆಗೆ ನೀರು ಇಳಿದು, ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೋಡುವ ಗಾಜಿನಲ್ಲಿ ಮಟ್ಟ ಸರಿಯಾಗಿಯೇ ಇತ್ತು, ಆದ್ದರಿಂದ ಯಾರೂ ಬಣ್ಣವನ್ನು ಗಮನಿಸಿರಲಿಲ್ಲ.

ಸುರಕ್ಷತೆಯ ಬಗ್ಗೆ ನಾನು ಯಾರೊಂದಿಗೂ ರಾಜಿ ಮಾಡಿಕೊಳ್ಳುವುದಿಲ್ಲ. ಕೈ ಮತ್ತು ಬ್ಲೇಡಿನ ನಡುವೆ ಕನಿಷ್ಠ 150 ಮಿ.ಮೀ. ಅಂತರವಿರಬೇಕು, ಹಿಡಿಯುವ ಭಾಗ 400 ಮಿ.ಮೀ.ಗಿಂತ ಚಿಕ್ಕದಾದರೆ ಕೈಯಲ್ಲಿ ಹಿಡಿಯದೆ ಪೈಪಿನ ತುಂಡಿಗೆ ತೂರಿಸಿ ಅಥವಾ ಇಕ್ಕಳದಲ್ಲಿ ಹಿಡಿದು ಕೊಡಬೇಕು. ನನ್ನಲ್ಲಿ ಕೆಲಸಕ್ಕಿದ್ದ ಒಬ್ಬರ ಮೊಣಕಾಲಿನ ಕೆಳಗೆ ಹಾರಿದ ತುಂಡು ಬಡಿದು ಎಲುಬು ಕಾಣುವ ಗಾಯವಾಯಿತು. ಅವರು ಎರಡು ತಿಂಗಳು ಕೆಲಸಕ್ಕೆ ಬರಲಾಗಲಿಲ್ಲ, ಆ ಮನೆಯ ಕಷ್ಟವನ್ನು ಹತ್ತಿರದಿಂದ ನೋಡಿದ್ದೇನೆ. ಕಂಬಿ ಬ್ಲೇಡಿಗೆ ಲಂಬ ಕೋನದಲ್ಲಿರಬೇಕು, ಸ್ಲೈಡು ಹಿಂದಕ್ಕೆ ಸರಿಯುವಾಗ ಮಾತ್ರ ಕಂಬಿಯನ್ನು ಒಳಗಿಡಬೇಕು.

ಐದರಲ್ಲಿ ನಾನು ಈ ಯಂತ್ರಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಎರಕದ ಮೈ, ಫ್ಲೈವೀಲು, ಗೇರುಗಳು ಇನ್ನೂ ಗಟ್ಟಿಯಾಗಿವೆ. ಕಡಿಮೆಯಾದ ಒಂದು ಅಂಕ, ಜೊತೆಗೆ ಕೊಟ್ಟ ಬ್ಲೇಡುಗಳ ಕಳಪೆ ಹದಕ್ಕೆ ಮತ್ತು ತಪ್ಪಾಗಿ ಹೊಂದಿಸಿ ಕಳಿಸಿದ ಸ್ಟಾರ್ಟರಿಗೆ. ಕಂಬಿಗಳನ್ನು ಥ್ರೆಡ್ ಮಾಡಿ ಕಪ್ಲರ್ (ಎರಡು ಕಂಬಿಗಳ ತುದಿ ಜೋಡಿಸುವ ಕೊಳವೆ) ಹಾಕುವ ಕೆಲಸವಿರುವವರು ಇದೊಂದನ್ನೇ ನಂಬಿಕೊಳ್ಳಬಾರದು. ಎಷ್ಟು ಚೆನ್ನಾಗಿ ಹೊಂದಿಸಿದರೂ ಒತ್ತಿ ಕತ್ತರಿಸಿದ ತುದಿ ಪೂರ್ತಿ ಸಮತಟ್ಟಾಗುವುದಿಲ್ಲ, ಅದನ್ನು ಮತ್ತೆ ಕಟಾಫ್ ಚಕ್ರದಲ್ಲಿ ಕೊಯ್ಯಬೇಕಾಗುತ್ತದೆ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿಯೇ 8ರ ಒಂದು ಕಂಬಿ ಮತ್ತು 25ರ ಒಂದು ಕಂಬಿಯನ್ನು ಕತ್ತರಿಸಿ ತೋರಿಸಲು ಹೇಳಿ, ಎರಡೂ ತುಂಡುಗಳ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಹಣ ಕೊಡಲಿ.