ಉಪಗ್ರಹದ ಮಾಲಿನ್ಯ ಲೆಕ್ಕ: ಮೊಲ್‌ಫ್ಲೋ ಸಾಕಾ, ಸ್ಪಾರ್ಟಾ ಬೇಕಾ?

ಸುರತ್ಕಲ್‌ನಲ್ಲೋ ಮಣಿಪಾಲದಲ್ಲೋ ಓದುತ್ತಾ ಉಪಗ್ರಹದ ಪ್ರಾಜೆಕ್ಟ್‌ಗೆ ಕೈ ಹಾಕಿದವರು, ಮಾಲಿನ್ಯದ ಲೆಕ್ಕಕ್ಕೆ ಮೊಲ್‌ಫ್ಲೋ, ಸ್ಪಾರ್ಟಾ ಎಂಬ ಎರಡು ಸಾಫ್ಟ್‌ವೇರ್‌ಗಳಲ್ಲಿ ಯಾವುದು ಅನ್ನೋದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ನಿರ್ವಾತದಲ್ಲಿ ಅಂಟು, ಬಣ್ಣ, ಪ್ಲಾಸ್ಟಿಕ್ ಎಲ್ಲಾ ಆವಿ ಬಿಡುತ್ತವೆ, ಆ ಆವಿ ತಣ್ಣಗಿರುವ ಲೆನ್ಸ್ ಮೇಲೆ ಕೂರುತ್ತದೆ, ಚಿತ್ರ ಮಸುಕಾಗುತ್ತದೆ. ನಾಸಾದ ಸ್ಟಾರ್‌ಡಸ್ಟ್ ನೌಕೆಯ ಕ್ಯಾಮೆರಾಗೆ ಹೀಗೇ ಆಗಿ, ಬಿಸಿ ಮಾಡಿ ಸರಿಪಡಿಸಬೇಕಾಯಿತು.

ಮೊಲ್‌ಫ್ಲೋ ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನವರದ್ದು, ಉಚಿತ. ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೇ ಇಲ್ಲ, ಒಂದು ಗೋಡೆಯಿಂದ ಇನ್ನೊಂದಕ್ಕೆ ನೆಟ್ಟಗೆ ಹಾರುತ್ತವೆ ಅಂತ ಇಟ್ಟುಕೊಂಡೇ ಅದರ ಲೆಕ್ಕ. ನಿರ್ವಾತದಲ್ಲಿ ಇದು ಬಹುಪಾಲು ಸರಿಯೇ ಅಲ್ವಾ? ಉಪಗ್ರಹದ 3ಡಿ ಆಕಾರ ಇರುವ ಎಸ್‌ಟಿಎಲ್ ಫೈಲ್ ಹಾಕಿದರೆ ಮಾಮೂಲಿ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ.

ಸ್ಪಾರ್ಟಾ ಅಮೆರಿಕದ ಸ್ಯಾಂಡಿಯಾ ಲ್ಯಾಬ್‌ನದು, ಅದಕ್ಕೂ ದುಡ್ಡಿಲ್ಲ. ಇದು ಡಿಕ್ಕಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಥ್ರಸ್ಟರ್ (ಉಪಗ್ರಹವನ್ನು ತಳ್ಳುವ ಪುಟ್ಟ ಎಂಜಿನ್) ಉಗುಳುವ ದಟ್ಟ ಅನಿಲ ಎಲ್ಲಿಗೆ ತಿರುಗುತ್ತದೆ, ಕೆಳಕಕ್ಷೆಯಲ್ಲಿ ಬಿಟ್ಟ ಆವಿ ಹೊರಗಿನ ಅಣುಗಳಿಗೆ ಬಡಿದು ವಾಪಸ್ ಎಷ್ಟು ಬರುತ್ತದೆ, ಇಂಥದ್ದಕ್ಕೆ ಇದೇ ಬೇಕು. ಆದರೆ ಎಲ್ಲಾ ಟೈಪ್ ಮಾಡಿಯೇ ನಡೆಸಬೇಕು, ದೊಡ್ಡ ಮಾದರಿಗೆ ಕಾಲೇಜಿನ ಕ್ಲಸ್ಟರೇ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳು) ಗತಿ.

ಥ್ರಸ್ಟರ್ ಇಲ್ಲದ ಪುಟ್ಟ ಉಪಗ್ರಹವಾದರೆ ಸುಮ್ನೆ ಮೊಲ್‌ಫ್ಲೋ ಹಿಡಿಯಿರಿ.

ಯಾವುದಾದರೂ ಸರಿ, ಯಾವ ವಸ್ತು ಎಷ್ಟು ಆವಿ ಬಿಡುತ್ತದೆ ಅಂತ ಒಳಗೆ ಹಾಕುವ ಅಂಕಿ ನೋಡಿಕೊಳ್ಳಿ. ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಇ595 ಪರೀಕ್ಷೆಯಲ್ಲಿ ವಸ್ತುವನ್ನು ನಿರ್ವಾತದಲ್ಲಿ 125 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ತೂಕ ಶೇ. 1ಕ್ಕಿಂತ ಜಾಸ್ತಿ ಇಳಿಯಬಾರದು, ತಣ್ಣನೆ ತಟ್ಟೆಗೆ ಅಂಟುವುದು ಶೇ. 0.1 ಮೀರಬಾರದು ಅಂತ ನೋಡುತ್ತಾರೆ. ವಸ್ತು ಆರಿಸಲು ಅದು ಸಾಕು. ಆವಿ ಬಿಡುವ ವೇಗ ಕಾಲ ಕಳೆದಂತೆ ಹೇಗೆ ಇಳಿಯುತ್ತದೆ ಅನ್ನೋದಕ್ಕೆ ಅದೇ ಸಂಸ್ಥೆಯ ಇ1559 ಪರೀಕ್ಷೆಯ ಅಂಕಿಯನ್ನೇ ಹುಡುಕಿ.