ಕ್ರಿಸ್‌ಮಸ್ ಕುಕ್ಕಿಗೆ ಚಿನ್ನದ ಪುಡಿ ಹಚ್ಚುವ ಮುಂಚೆ ಇದನ್ನು ಓದಿ

ಡಿಸೆಂಬರ್ ಬಂತು ಅಂದರೆ ಬೇಕಿಂಗ್ ಸಾಮಾನಿನ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೈದಾ, ಬೆಣ್ಣೆ, ಟೂಟಿ ಫ್ರೂಟಿ, ನಕ್ಷತ್ರದ ಕಟರ್‌ಗಳು. ಗಲ್ಲಾದ ಪಕ್ಕದಲ್ಲೇ ಸಾಲಾಗಿ ಜೋಡಿಸಿಟ್ಟ ಹೊಳೆಯುವ ಪುಡಿಯ ಪುಟ್ಟ ಡಬ್ಬಿಗಳು. ಚಿನ್ನ, ಬೆಳ್ಳಿ, ರೋಸ್ ಗೋಲ್ಡ್, ತಾಮ್ರದ ಬಣ್ಣ. ಅಂಗಡಿಯವರು ಅದನ್ನು ಲಸ್ಟರ್ ಡಸ್ಟ್ ಅನ್ನುತ್ತಾರೆ, ಗೋಲ್ಡ್ ಡಸ್ಟ್ ಅನ್ನುತ್ತಾರೆ, ಸುಮ್ನೆ ಗ್ಲಿಟರ್ ಅಂತಲೂ ಅನ್ನುತ್ತಾರೆ. ಆ ಡಬ್ಬಿಯ ಮೇಲೆ ಲೇಬಲ್ ಇಲ್ಲದಿದ್ದರೆ ದಯವಿಟ್ಟು ತಗೋಬೇಡಿ. ಅಂಗಡಿಯವರು ಎಷ್ಟೇ ಭರವಸೆ ಕೊಟ್ಟರೂ ಬೇಡ. ಹೋದ ವರ್ಷ ಅಂಥದ್ದೇ ಒಂದು ಡಬ್ಬಿಯಿಂದ ನಮ್ಮ ಮನೆಯ ಮಕ್ಕಳು, ಪಕ್ಕದ ಮನೆಯ ಮಕ್ಕಳು ರಾತ್ರಿಯಿಡೀ ವಾಂತಿ ಮಾಡಿಕೊಂಡು ಒದ್ದಾಡಿದರು.

ನಾವಿರುವುದು ಬೆಂಗಳೂರಿನಲ್ಲಿ. ಪಕ್ಕದ ಮನೆಯವರು ಮಂಗಳೂರು ಕಡೆಯ ಕ್ರೈಸ್ತರು. ಕ್ರಿಸ್‌ಮಸ್‌ಗೆ ಅವರ ಮನೆಯಲ್ಲಿ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು ಮಾಡುವ ಗದ್ದಲ ನೋಡಬೇಕು. ನೆವ್ರಿ, ಗುಳಿಯೊ, ತುಕ್ಡಿ, ಕೊಕ್ಕಿಸಾಂ. ಫೋರ್ಕಿನ ಬೆನ್ನ ಮೇಲೆ ಹಿಟ್ಟು ಒತ್ತಿ ಸುರುಳಿ ಸುತ್ತುವ ಕಿಡಿಯೊ ಕೆಲಸಕ್ಕೆ ನಾನೂ ಹೋಗಿ ಕೂರುತ್ತೇನೆ. ಮಾತು ಜಾಸ್ತಿ, ಸುರುಳಿ ಕಡಿಮೆ. ಅವರದ್ದೆಲ್ಲ ಕರಿದ ತಿಂಡಿ, ಹಾಗಾಗಿ ಓವನ್ ಕೆಲಸ ನನ್ನದು. ಬೆಣ್ಣೆ ಕುಕ್ಕಿ ಮಾಡುತ್ತೇನೆ, ಮೇಲೆ ಸಕ್ಕರೆ ಐಸಿಂಗ್ ಹಾಕುತ್ತೇನೆ. ನಕ್ಷತ್ರ, ಗಂಟೆ, ಗಿಡ. ಎರಡೂ ಮನೆಯ ತಿಂಡಿ ಸೇರಿಸಿ ತಟ್ಟೆಗಳಲ್ಲಿ ಹಾಕಿ ಬೀದಿಯವರಿಗೆಲ್ಲ ಹಂಚುವುದು ವಾಡಿಕೆ.

ನಕ್ಷತ್ರಗಳಿಗೆ ಚಿನ್ನದ ಬಣ್ಣ ಇರಲಿ ಅಂತ ಮಕ್ಕಳು ಹಟ ಹಿಡಿದರು. ಊರಲ್ಲಿ ಒಳ್ಳೆಯ ಹೆಸರಿರುವ ಬೇಕಿಂಗ್ ಸಾಮಾನಿನ ಅಂಗಡಿಗೆ ಹೋದೆ. ಹೆಸರು ಇಲ್ಲಿ ಬರೆಯುವುದಿಲ್ಲ. ಇದು ಒಂದು ಅಂಗಡಿಯ ಕತೆ ಅಲ್ಲ, ಇಂಥ ಅಂಗಡಿ ಎಲ್ಲ ಊರಲ್ಲೂ ಇದೆ. ಅಂಗಡಿಯವರು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಮುಚ್ಚಳದ ಮೇಲೆ ಪೆನ್ನಿನಲ್ಲಿ "ಗೋಲ್ಡ್ 2" ಅಂತ ಬರೆದಿತ್ತು, ಅಷ್ಟೇ. "ಇದು ತಿನ್ನೋದಕ್ಕೆ ಆಗುತ್ತಾ?" ಅಂತ ನೇರವಾಗಿ ಕೇಳಿದೆ. "ಆಗುತ್ತೆ ಮೇಡಂ, ನಾನ್ ಟಾಕ್ಸಿಕ್. ಎಲ್ಲಾ ಬೇಕರಿಯವರೂ ಇದನ್ನೇ ತಗೊಂಡು ಹೋಗೋದು. ನಿಂಬೆರಸದಲ್ಲಿ ಕಲಸಿ ಬ್ರಷ್‌ನಲ್ಲಿ ಹಚ್ಚಿ, ಚೆನ್ನಾಗಿ ಹಿಡಿಯುತ್ತೆ" ಅಂದರು. ಬೆಲೆ 120 ರೂಪಾಯಿ.

ಈ ಸಲಹೆಯಲ್ಲಿದ್ದ ನಿಂಬೆರಸವನ್ನು ನೆನಪಿಟ್ಟುಕೊಳ್ಳಿ.

ಸಂಜೆ ಹಚ್ಚಿದೆವು. ನೋಡಲು ಬಹಳ ಚೆಂದ ಇತ್ತು, ಅದರಲ್ಲಿ ಸುಳ್ಳಿಲ್ಲ. ಮಕ್ಕಳು ನಕ್ಷತ್ರಗಳನ್ನೇ ಆರಿಸಿ ತಿಂದರು. ಊಟದ ಹೊತ್ತಿಗೆ ಒಬ್ಬಳಿಗೆ ಹೊಟ್ಟೆ ತೊಳೆಸಲು ಶುರುವಾಯಿತು. ಆಮೇಲೆ ಒಬ್ಬೊಬ್ಬರಿಗೇ ವಾಂತಿ, ಕೆಲವರಿಗೆ ಭೇದಿಯೂ ಆಯಿತು. ಬಾಯಲ್ಲಿ ಕಬ್ಬಿಣದ ರುಚಿ ಬರ್ತಿದೆ ಅಂತ ನನ್ನ ಮಗ ಹೇಳುತ್ತಲೇ ಇದ್ದ. ಮೊದಲು ಎಲ್ಲರ ಕಣ್ಣೂ ಬಿದ್ದದ್ದು ಪಾಪ ಕುಸ್ವಾರ್ ಮೇಲೆ, ಎಣ್ಣೆ ಸರಿಯಿಲ್ಲವೇನೋ ಅಂತ. ಆದರೆ ನೆವ್ರಿ, ತುಕ್ಡಿಯನ್ನು ದೊಡ್ಡವರೂ ತಿಂದಿದ್ದೆವು, ನಮಗೇನೂ ಆಗಿರಲಿಲ್ಲ. ಐಸಿಂಗ್ ಇಷ್ಟಪಡದ ಒಬ್ಬ ಹುಡುಗ ಐಸಿಂಗ್ ಹಾಕದ ಗಂಟೆ ಕುಕ್ಕಿ ಮಾತ್ರ ತಿಂದಿದ್ದ, ಅವನೂ ಆರಾಮಾಗಿದ್ದ. ಚಿನ್ನ ತಿಂದವರು ಮಾತ್ರ ಮಲಗಿದ್ದರು.

ಮಕ್ಕಳ ಡಾಕ್ಟರ್ ಓಆರ್‌ಎಸ್ ಕೊಡಿಸಿದರು, ರಾತ್ರಿಯೆಲ್ಲ ಗಮನಿಸಲು ಹೇಳಿದರು. ಮಾರನೇ ದಿನಕ್ಕೆ ಎಲ್ಲರೂ ಸುಧಾರಿಸಿಕೊಂಡರು. ಪುಡಿಯಲ್ಲಿ ಏನಿದೆ ಅಂತ ಡಾಕ್ಟರ್ ಕೇಳಿದಾಗ ತೋರಿಸಲು ನಮ್ಮ ಹತ್ತಿರ ಇದ್ದದ್ದು "ಗೋಲ್ಡ್ 2" ಅನ್ನುವ ಮುಚ್ಚಳ ಮಾತ್ರ. ಸೀಸ ಇದ್ದರೆ ಅಂತ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಅದೃಷ್ಟ, ಸೀಸ ಕಾಣಿಸಲಿಲ್ಲ. ವರದಿ ಬರುವ ತನಕ ನಮ್ಮ ಜೀವ ನಮ್ಮ ಕೈಯಲ್ಲಿ ಇರಲಿಲ್ಲ.

ಮನೆಗೆ ಬಂದು ನೋಡಿದರೆ, ಪುಡಿ ಕಲಸಿದ್ದ ಗಾಜಿನ ಬಟ್ಟಲು ತೊಳೆಯದೆ ಹಾಗೇ ಉಳಿದಿತ್ತು. ತಳದಲ್ಲಿದ್ದ ನಿಂಬೆರಸ ಹಸಿರು ನೀಲಿಗೆ ತಿರುಗಿತ್ತು. ಪಕ್ಕದ ಮನೆಯ ಅಜ್ಜಿ ಬಗ್ಗಿ ನೋಡಿದವರೇ "ಅಯ್ಯೋ, ಕಿಲುಬು" ಅಂದರು.

ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಬಾರದು ಅನ್ನುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಹುಳಿ ಸೇರಿದರೆ ತಾಮ್ರ ಬಿಡುತ್ತದೆ, ಆ ಸಾರು ತಿಂದರೆ ಹೊಟ್ಟೆ ತೊಳೆಸುತ್ತದೆ, ವಾಂತಿಯಾಗುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಕಲಾಯಿಯವರು ಬೀದಿಗೆ ಬರುತ್ತಿದ್ದರು. ಕರಕುಶಲ ಕೆಲಸಕ್ಕೆ ಬಳಸುವ ಅಗ್ಗದ ಚಿನ್ನದ ಬಣ್ಣದ ಪುಡಿ ಎಷ್ಟೋ ಸಲ ಹಿತ್ತಾಳೆಯೇ, ಅಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹದ ನುಣ್ಣನೆಯ ಪುಡಿ. ಪೇಂಟ್ ಅಂಗಡಿಯಲ್ಲಿ ಬ್ರಾಂಜ್ ಪೌಡರ್ ಅಂತ ಸಿಗುತ್ತದೆ. ಚೌಕಟ್ಟಿಗೆ, ಮೂರ್ತಿಗೆ ಬಳಿಯಲು ಒಳ್ಳೆಯದು. ಪಾತ್ರೆಯಿಂದ ಚೂರು ತಾಮ್ರ ಬಿಟ್ಟರೇ ಹೊಟ್ಟೆ ಕೆಡುತ್ತದೆ. ಇಲ್ಲಿ ಲೋಹವನ್ನೇ ನಿಂಬೆರಸದಲ್ಲಿ ಕಲಸಿ ಮಕ್ಕಳ ಬಾಯಿಗೆ ಹಾಕಿದ ಹಾಗಾಯಿತು.

ಇದು ನಮ್ಮೂರಿನ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 2018ರಲ್ಲಿ ಒಂದು ಹುಟ್ಟುಹಬ್ಬದ ಕೇಕ್ ತಿಂದು 6 ಮಕ್ಕಳಿಗೆ ವಾಂತಿ, ಭೇದಿ ಆಗಿತ್ತು. ಕೇಕ್ ಮೇಲೆ ಹಚ್ಚಿದ್ದ ರೋಸ್ ಗೋಲ್ಡ್ ಪುಡಿಯಲ್ಲಿ ತಾಮ್ರ ಜಾಸ್ತಿ ಇತ್ತು. ಮಾರನೇ ವರ್ಷ ಮಿಸೌರಿಯಲ್ಲಿ ಇನ್ನೂ ಕೆಟ್ಟ ಪ್ರಕರಣ. ಮನೆಯಲ್ಲೇ ಮಾಡಿದ ಕೇಕ್, ಅದಕ್ಕೆ ಹಳದಿ ಬಣ್ಣದ ಪುಡಿ. ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಪರೀಕ್ಷಿಸಿದಾಗ ಆ ಪುಡಿಯ ತೂಕದಲ್ಲಿ ಕಾಲು ಭಾಗ ಸೀಸವೇ! ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2021ರಲ್ಲಿ ಎರಡನ್ನೂ ವರದಿ ಮಾಡಿದೆ. ತಾಮ್ರವಾದರೆ ಕೂಡಲೇ ವಾಂತಿ ಮಾಡಿಸಿ ಗೊತ್ತುಮಾಡುತ್ತದೆ. ಸೀಸ ಹಾಗಲ್ಲ, ಮಗು ಆಟವಾಡಿಕೊಂಡೇ ಇರುತ್ತದೆ, ಒಳಗೆ ಮೆದುಳಿಗೆ ಹಾನಿ ಆಗುತ್ತಿರುತ್ತದೆ. ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನು ಅಂಗಡಿಯ ವಿಷಯ. ಹೋಗಿ, ಈ ಪುಡಿ ಬಂದ ಮೂಲ ಪ್ಯಾಕ್ ತೋರಿಸಿ ಅಂತ ಕೇಳಿದೆ. ಕೆಲಸದ ಹುಡುಗ ಮೇಲಿನ ಅಟ್ಟದಿಂದ ದೊಡ್ಡ ಜಾರ್ ಇಳಿಸಿದ. ಅದರ ಮೇಲೆ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ವಿಷಕಾರಿ ಅಲ್ಲ, ಅಲಂಕಾರಕ್ಕೆ ಮಾತ್ರ. ಒಳಗೆ ಏನೇನಿದೆ ಅನ್ನುವ ಪಟ್ಟಿ ಇಲ್ಲ. ಆಹಾರ ಪರವಾನಗಿ ಸಂಖ್ಯೆ ಇಲ್ಲ. ಅಂಗಡಿಯಲ್ಲಿ ಜಾರ್‌ನಿಂದ ಚಮಚದಲ್ಲಿ ತೆಗೆದು ಪುಟ್ಟ ಡಬ್ಬಿಗೆ ತುಂಬುತ್ತಾರೆ. ತುಂಬುವಾಗ "ಅಲಂಕಾರಕ್ಕೆ ಮಾತ್ರ" ಅನ್ನುವ ಸಾಲು ಜಾರ್ ಮೇಲೆಯೇ ಉಳಿಯುತ್ತದೆ. "ನಾನ್ ಟಾಕ್ಸಿಕ್" ಅನ್ನುವುದು ಮಾತ್ರ ಮಾಲೀಕರ ಬಾಯಲ್ಲಿ ನಮ್ಮ ತನಕ ಬರುತ್ತದೆ.

ಈ ನಾನ್ ಟಾಕ್ಸಿಕ್ ಅನ್ನುವುದನ್ನು ನಂಬಲೇಬೇಡಿ. ಮಕ್ಕಳ ಕ್ರೇಯಾನ್ ಮೇಲೂ ಅದೇ ಬರೆದಿರುತ್ತದೆ, ಗೋಂದಿನ ಬಾಟಲಿ ಮೇಲೂ ಬರೆದಿರುತ್ತದೆ. ಅದನ್ನು ಯಾರಾದರೂ ತಟ್ಟೆಗೆ ಬಡಿಸುತ್ತಾರಾ?

ಮಾಲೀಕರು ಮೊದಲು "ಚೂರು ಹಾಕಿದರೆ ಏನೂ ಆಗಲ್ಲ" ಅಂದರು. ಆಮೇಲೆ "ನೀವು ಜಾಸ್ತಿ ಹಚ್ಚಿರ್ತೀರ" ಅಂದರು. ಕೊನೆಗೆ 120 ರೂಪಾಯಿ ವಾಪಸ್ ಕೊಟ್ಟು, ಜೊತೆಗೆ ಒಂದು ಹಿಮಮಾನವನ ಕಟರ್ ಫ್ರೀ ಅಂದರು. ಕಟರ್ ಅಲ್ಲೇ ಬಿಟ್ಟು ಬಂದೆ. ಬಿಲ್ ಕೇಳಿ ಪಡೆದಿದ್ದೆ, ಅದನ್ನು ಆಮೇಲೆ ಸರಿಯಾಗಿ ನೋಡಿದರೆ "ಡೆಕೊರೇಷನ್ ಐಟಂ" ಅಂತ ಇದೆ! ಅಂದರೆ ಬಾಯಲ್ಲಿ ಹೇಳುವಾಗ ತಿನ್ನುವ ವಸ್ತು, ಕಾಗದದ ಮೇಲೆ ಅಲಂಕಾರದ ವಸ್ತು. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ತಪ್ಪಿಸಿಕೊಳ್ಳಲು ದಾರಿ ಮೊದಲೇ ರೆಡಿ. ಬಿಲ್ ಮೇಲೆ ವಸ್ತುವಿನ ಹೆಸರು, ಬ್ರ್ಯಾಂಡ್ ಬರೆಯಲು ಒಪ್ಪದ ಅಂಗಡಿಯಲ್ಲಿ ಬಾಯಿಗೆ ಹಾಕುವ ಯಾವುದನ್ನೂ ತಗೋಬೇಡಿ.

ಹಾಗಾದರೆ ತಿನ್ನಬಹುದಾದ ಹೊಳೆಯುವ ಪುಡಿ ಇಲ್ಲವೇ ಇಲ್ಲವಾ? ಇದೆ. ಸಾಮಾನ್ಯವಾಗಿ ಅದು ಮೈಕಾ, ಅಂದರೆ ಕಾಗೆ ಬಂಗಾರ, ಅದರ ಮೇಲೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಐರನ್ ಆಕ್ಸೈಡ್ ಲೇಪನ. ಆಹಾರಕ್ಕೆ ಸೇರಿಸುವ ಪದಾರ್ಥಗಳನ್ನು ಗುರುತಿಸಲು ಐಎನ್‌ಎಸ್ ಅನ್ನುವ ಸಂಖ್ಯೆಗಳಿವೆ, ಲೇಬಲ್‌ನಲ್ಲಿ ಇವು ಐಎನ್‌ಎಸ್ 555, 171, 172 ಅಂತ ಕಾಣಿಸುತ್ತವೆ. ಟೈಟಾನಿಯಂ ಡೈಆಕ್ಸೈಡ್ ಅನ್ನು ಯುರೋಪ್ ಒಕ್ಕೂಟ 2022ರಲ್ಲಿ ಆಹಾರದಿಂದ ತೆಗೆದುಹಾಕಿದೆ, ಹಾಗಾಗಿ ನಾನಂತೂ ಅದನ್ನೂ ತರುವುದಿಲ್ಲ. ತರುವವರು ಡಬ್ಬಿಯನ್ನು ತಿರುಗಿಸಿ ನೋಡಿ. ಪದಾರ್ಥಗಳ ಪಟ್ಟಿ ಇರಬೇಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ತಯಾರಿಸಿದ ದಿನ, ಬ್ಯಾಚ್ ಸಂಖ್ಯೆ, ಹಸಿರು ಚುಕ್ಕೆ ಇರಬೇಕು. ಆ 14 ಅಂಕಿಯನ್ನು ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿದರೆ ಪರವಾನಗಿ ಯಾರ ಹೆಸರಲ್ಲಿದೆ ಅಂತ ತೋರಿಸುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಶೀರ್ಷಿಕೆ ಓದಿ ನಂಬಬೇಡಿ. ಮೇಲೆ "ಎಡಿಬಲ್" ಅಂತ ದೊಡ್ಡದಾಗಿ ಹಾಕಿ, ಡಬ್ಬಿಯ ಫೋಟೋ ಹಿಗ್ಗಿಸಿ ನೋಡಿದರೆ "ಅಲಂಕಾರಕ್ಕೆ ಮಾತ್ರ, ತಿನ್ನುವ ಮೊದಲು ತೆಗೆಯಿರಿ" ಅಂತ ಇರುವುದನ್ನು ನಾನೇ ನೋಡಿದ್ದೇನೆ. ಐಸಿಂಗ್‌ಗೆ ಬಳಿದ ಪುಡಿಯನ್ನು ತೆಗೆಯುವುದು ಹೇಗೋ ಅವರೇ ತೋರಿಸಲಿ.

ನಿಂಬೆರಸ ಹಾಕಿ ಮನೆಯಲ್ಲೇ ಪರೀಕ್ಷೆ ಮಾಡಿಬಿಡೋಣ ಅಂದುಕೊಂಡವರಿಗೆ ಒಂದು ಮಾತು. ಹಸಿರಾದರೆ ಅದು ಕೆಟ್ಟದ್ದು ಅಂತ ಗೊತ್ತಾಗುತ್ತದೆ. ಹಸಿರಾಗದಿದ್ದರೆ ಒಳ್ಳೆಯದು ಅಂತ ಅರ್ಥ ಅಲ್ಲ. ಸೀಸ ಅದರಲ್ಲಿ ಬಣ್ಣ ತೋರಿಸುವುದಿಲ್ಲ.

ಬಿಡಿಯಾಗಿ ಮಾರುವ ಬಣ್ಣದ ಪುಡಿಗೂ ಇದೇ ಮಾತು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಬಣ್ಣದ ಬಾಂಬೆ ಮಿಠಾಯಿ ಮಾರಬಾರದು ಅಂತ ಮಾಡಿದ್ದು ನೆನಪಿರಬಹುದು. ಅದಕ್ಕೆ ಕಾರಣಗಳಲ್ಲಿ ಒಂದು ರೋಡಮೈನ್-ಬಿ, ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಬೆಂಗಳೂರಿನ ಬೇಕರಿಗಳ 235 ಕೇಕ್ ಮಾದರಿ ಪರೀಕ್ಷಿಸಿದಾಗ 12 ಅಸುರಕ್ಷಿತ ಅಂತ ಬಂತು, ಅಲ್ಲೂ ಬಣ್ಣದ್ದೇ ಕಾಟ. ಕೆಂಪು ಐಸಿಂಗ್ ಬೇಕೆಂದರೆ ಬೀಟ್‌ರೂಟ್ ಒಣಗಿಸಿ ಪುಡಿ ಮಾಡಿ ಹಾಕಿ. ಚಿನ್ನದ ಹೊಳಪು ಬೇಕೆಂದರೆ ಓವನ್‌ಗೆ ಇಡುವ ಮುಂಚೆ ಮೊಟ್ಟೆಯ ಹಳದಿಗೆ ಎರಡು ಎಸಳು ಕೇಸರಿ ನೆನೆಸಿ ಬಳಿಯಿರಿ. ಮೊಟ್ಟೆ ತಿನ್ನದವರು ಹಾಲು, ಕೇಸರಿ. ದಪ್ಪ ಸಕ್ಕರೆ ಉದುರಿಸಿದರೆ ದೀಪದ ಬೆಳಕಿಗೆ ಚೆನ್ನಾಗಿಯೇ ಮಿನುಗುತ್ತದೆ.

ಮಕ್ಕಳು ಇಂಥದ್ದನ್ನು ತಿಂದು ವಾಂತಿ ಶುರುವಾದರೆ ಬೆರಳು ಹಾಕಿ ಇನ್ನಷ್ಟು ವಾಂತಿ ಮಾಡಿಸಲು ಹೋಗಬೇಡಿ. ಡಾಕ್ಟರ್ ಹತ್ತಿರ ಹೋಗುವಾಗ ಡಬ್ಬಿ, ಉಳಿದ ಕುಕ್ಕಿ ಎರಡನ್ನೂ ಒಯ್ಯಿರಿ. ಸೀಸದ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ, ಎಲ್ಲರಿಗೂ ತಟ್ಟನೆ ಹೊಳೆಯುವುದಿಲ್ಲ. ಪುಡಿಯನ್ನು ಊದಿ ಹಾರಿಸುವ ಆಟವನ್ನೂ ಆಡಲು ಬಿಡಬೇಡಿ. ಲೋಹದ ನುಣ್ಣನೆಯ ಪುಡಿ ಉಸಿರಲ್ಲಿ ಒಳಗೆ ಹೋದರೆ ಶ್ವಾಸಕೋಶಕ್ಕೆ ತೊಂದರೆ, ಅದು ವಾಂತಿಗಿಂತ ಅಪಾಯ.

ದೂರು ಕೊಡಬೇಕೆಂದರೆ ಜಿಲ್ಲೆಯ ಆಹಾರ ಸುರಕ್ಷತಾ ಇಲಾಖೆಯ ಅಂಕಿತ ಅಧಿಕಾರಿಗೆ ಕೊಡಬಹುದು, ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ, ಪರೀಕ್ಷೆ ಮಾಡಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿ, ಕೊಂಡ ಗ್ರಾಹಕರೇ ಶುಲ್ಕ ಕಟ್ಟಿ ವಸ್ತುವನ್ನು ಪರೀಕ್ಷೆ ಮಾಡಿಸಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ದೂರು ಕೊಡುವಾಗ ಬಿಲ್, ಪುಡಿ ಎರಡೂ ಕೈಯಲ್ಲಿದ್ದರೆ ಒಳ್ಳೆಯದು. ಹಾಗಾಗಿ ಸಿಟ್ಟಿನಲ್ಲಿ ಡಬ್ಬಿಯನ್ನು ಕಸಕ್ಕೆ ಹಾಕಬೇಡಿ. ಮುಚ್ಚಳ ಬಿಗಿ ಮಾಡಿ, ಮಕ್ಕಳ ಕೈಗೆ ಸಿಗದ ಹಾಗೆ ಬಿಲ್ ಜೊತೆ ಎತ್ತಿಡಿ.